ಕೀಟ ಉಳಿಸುವ ವಿದ್ಯೆ: ಪಾಲಕರು ಕಟ್ಟಿದ ಶಾಸ್ತ್ರ

ಲಾರ್ಡ್ ಹೋವ್ ದ್ವೀಪದ ಕಡ್ಡಿಹುಳುವಿನ ಮಾತು ಬಂದಾಗಲೆಲ್ಲ ಪತ್ರಿಕೆಗಳು ‘ಅಳಿದ ಜೀವಿ ಮರಳಿ ಬಂತು’ ಎಂದು ಪವಾಡದ ಧಾಟಿಯಲ್ಲಿ ಬರೆಯುತ್ತವೆ. ಅದರ ಹಿಂದಿರುವುದು ಮೃಗಾಲಯದ ಕೀಟಪಾಲಕರ ವಿದ್ಯೆ. ಅದನ್ನು ಶಾಸ್ತ್ರವೆಂದು ಒಪ್ಪುವವರು ಇಂದಿಗೂ ಕಡಿಮೆ.

ಲಂಡನ್ ಮೃಗಾಲಯ 1881ರಲ್ಲೇ ಕೀಟಗಳಿಗೊಂದು ಮನೆ ತೆರೆದಿತ್ತು. ಅದು ನೋಡುಗರ ಕುತೂಹಲಕ್ಕಾಗಿ. ಆಮೇಲೂ ಬಹುಕಾಲ ಸಂರಕ್ಷಣೆಯೆಂದರೆ ದೊಡ್ಡ ಪ್ರಾಣಿಗಳದ್ದೇ ಎಂಬ ಭಾವನೆ ಉಳಿಯಿತು.

ಗಾಳಿ ತಿರುಗಿದ್ದು 1990ರ ದಶಕದಲ್ಲಿ. ಅಮೆರಿಕದ ರೋಜರ್ ವಿಲಿಯಮ್ಸ್ ಪಾರ್ಕ್ ಮೃಗಾಲಯದಲ್ಲಿ ಬೆಳೆಸಿದ ಹೆಣ ಹೂಳುವ ದುಂಬಿಗಳನ್ನು 1994ರಿಂದ ನಾಂಟಕೆಟ್ ದ್ವೀಪದಲ್ಲಿ ಬಿಡತೊಡಗಿದರು. ಈ ದುಂಬಿ ಜೋಡಿ ಸತ್ತ ಹಕ್ಕಿಯನ್ನು ಮಣ್ಣಿನಡಿ ಹೂತು, ಪುಕ್ಕ ಕಿತ್ತು ಉಂಡೆ ಮಾಡಿ, ಮರಿಹುಳುಗಳಿಗೆ ಬಾಯಿಂದ ಬಾಯಿಗೆ ಉಣಿಸುತ್ತದೆ. ಆದ್ದರಿಂದ ಕಾಡಿನಲ್ಲಿ ಸುಮ್ಮನೆ ಬಿಟ್ಟು ಬರುವಂತಿಲ್ಲ. ಗುಂಡಿ ತೋಡಿ, ಲಾವಕ್ಕಿಯ ಹೆಣದ ಜೊತೆ ಗಂಡು ಹೆಣ್ಣನ್ನು ಇಟ್ಟು ಮುಚ್ಚಬೇಕು. 2012ರಲ್ಲಿ ಸೇಂಟ್ ಲೂಯಿಸ್ ಮೃಗಾಲಯ ಮಿಸೌರಿಯಲ್ಲಿ ಇದೇ ಹಾದಿ ಹಿಡಿಯಿತು.

ನಮ್ಮ ತಲೆಮಾರಿನ ಕೀಟಪಾಲಕರಿಗೆ ಪಾಠಶಾಲೆಯಾದದ್ದು ಮೆಲ್ಬರ್ನ್. 1918ರಲ್ಲಿ ಲಾರ್ಡ್ ಹೋವ್ ತೀರದಲ್ಲಿ ಸಿಕ್ಕಿಕೊಂಡ ಮಕಾಂಬೊ ಹಡಗಿನಿಂದ ಇಳಿದ ಇಲಿಗಳು ಕೆಲವೇ ವರ್ಷಗಳಲ್ಲಿ ಅಲ್ಲಿನ ಕಡ್ಡಿಹುಳುಗಳನ್ನು ತಿಂದು ಮುಗಿಸಿದವು. 2001ರಲ್ಲಿ ಡೇವಿಡ್ ಪ್ರಿಡೆಲ್, ನಿಕೊಲಸ್ ಕಾರ್ಲೈಲ್ ಅವರ ತಂಡ 23 ಕಿ.ಮೀ. ದೂರದ ಬಾಲ್ಸ್ ಪಿರಮಿಡ್ ಎಂಬ ಕಡಿದಾದ ಬಂಡೆಯ ಮೇಲೆ, ಒಂದು ಪೊದೆಯ ಆಸರೆಯಲ್ಲಿ, ಅವು ಬದುಕಿರುವುದನ್ನು ಕಂಡಿತು. 2003ರಲ್ಲಿ ತಂದದ್ದು ಎರಡೇ ಜೋಡಿ. ಒಂದು ಸಿಡ್ನಿಗೆ, ಇನ್ನೊಂದು ಮೆಲ್ಬರ್ನ್ ಮೃಗಾಲಯಕ್ಕೆ. ಅಲ್ಲಿ ‘ಈವ್’ ಎಂಬ ಹೆಣ್ಣು ಕಾಯಿಲೆ ಬಿದ್ದು ಮುದುಡಿಕೊಂಡಿತು. ಪಾಲಕ ಪ್ಯಾಟ್ರಿಕ್ ಹೋನನ್ ಅದನ್ನು ಅಂಗೈಯಲ್ಲಿಟ್ಟುಕೊಂಡು, ಕ್ಯಾಲ್ಸಿಯಂ ಬೆರೆಸಿದ ಮಕರಂದವನ್ನು ಹನಿಹನಿಯಾಗಿ ಕುಡಿಸಿದರು. ಅದು ಚೇತರಿಸಿಕೊಂಡು ಮೊಟ್ಟೆಯಿಟ್ಟಿತು.

ಹಸಿರು ಮರಿಗಳು ಹಗಲಲ್ಲಿ ಓಡಾಡುತ್ತವೆ. ಬೆಳೆದು ಕಪ್ಪಾದ ಮೇಲೆ ರಾತ್ರಿ ಮೇಯುತ್ತವೆ, ಹಗಲೆಲ್ಲ ಪೊಟರೆಯಲ್ಲಿ ಒತ್ತೊತ್ತಾಗಿ ಮಲಗುತ್ತವೆ. ಮೊಟ್ಟೆಯೊಡೆಯಲು ಆರು ತಿಂಗಳಿಗೂ ಹೆಚ್ಚು ಕಾಯಬೇಕು. ಇದನ್ನೆಲ್ಲ ಒಂದೊಂದಾಗಿ ನೋಡಿ ಕಲಿತದ್ದರಿಂದಲೇ 2016ರ ಹೊತ್ತಿಗೆ ಅಲ್ಲಿ 13,000ಕ್ಕೂ ಹೆಚ್ಚು ಮೊಟ್ಟೆಗಳು ಒಡೆದಿದ್ದವು. ಬ್ರಿಸ್ಟಲ್, ಸ್ಯಾನ್ ಡಿಯಾಗೊ, ಟೊರಾಂಟೊ ಮೃಗಾಲಯಗಳಿಗೂ ಮೊಟ್ಟೆಗಳು ಹೋದವು. ಬಂಡೆಯ ಹುಳುವೂ ದ್ವೀಪದ ಹಳೆಯ ಹುಳುವೂ ಒಂದೇ ಜಾತಿ ಎಂದು 2017ರ ಜೀನೋಮ್ ಅಧ್ಯಯನ ತೋರಿಸಿತು. ಹೆಸರು ಬಂದದ್ದು ಆ ಅಧ್ಯಯನಕ್ಕೆ. ಅಷ್ಟು ವರ್ಷ ವಂಶವನ್ನು ಕಾಪಾಡಿದ್ದು ಪಾಲಕರು.

ಆದರೆ ಮೃಗಾಲಯದೊಳಗೆ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಹುಳು ಉಳಿಯಿತು ಎನ್ನಲಾಗದು. ಇಲಿಗಳಿರುವ ತನಕ ಮನೆಗೆ ಮರಳುವ ದಾರಿಯೇ ಇರಲಿಲ್ಲ. 2019ರಲ್ಲಿ ದ್ವೀಪದಲ್ಲಿ ಇಲಿ ನಿರ್ಮೂಲನೆಗೆ ಕೈಹಾಕಿದ ಮೇಲೆಯೇ ಆ ದಾರಿ ತೆರೆಯಿತು.

ನಮ್ಮಲ್ಲಿ? ಬನ್ನೇರುಘಟ್ಟದ ಚಿಟ್ಟೆ ಉದ್ಯಾನ 2006ರಿಂದ ಜನರಿಗೆ ಚಿಟ್ಟೆಗಳನ್ನು ಹತ್ತಿರದಿಂದ ತೋರಿಸುತ್ತಿದೆ. ಅದು ಒಳ್ಳೆಯ ಕೆಲಸ. ಆದರೂ ನಮ್ಮ ಮೃಗಾಲಯಗಳ ಸಂತಾನಾಭಿವೃದ್ಧಿ ಯೋಜನೆಗಳಲ್ಲಿ ಬಹುಪಾಲು ಜಾಗ ಬೆನ್ನೆಲುಬಿರುವ ಪ್ರಾಣಿಗಳಿಗೇ. ಪಶ್ಚಿಮಘಟ್ಟದ ಎಷ್ಟೋ ಕೀಟಗಳು ಯಾವ ಎಲೆ ತಿನ್ನುತ್ತವೆ, ಎಲ್ಲಿ ಮೊಟ್ಟೆಯಿಡುತ್ತವೆ ಎಂಬುದೇ ದಾಖಲಾಗಿಲ್ಲ. ಅದನ್ನು ನೋಡಿ ಬರೆದಿಡುವ ಪಾಲಕರ ಹುದ್ದೆಗಳು ಈಗಲೇ ಬೇಕು. ಕೊನೆಯ ಜೋಡಿ ಕೈಗೆ ಬಂದ ಮೇಲೆ ಕಲಿಯಲು ಪುರುಸೊತ್ತು ಇರುವುದಿಲ್ಲ.