ಬೆಳ್ಳಿತೆರೆಯ ಮೋಹ ಮತ್ತು ಆರು ಗುಂಡುಗಳು

ನಾಡಿನ ನಾಯಕನೊಬ್ಬನ ಮೇಲೆ ಕೊಲೆಯ ಯತ್ನ ನಡೆಯಿತೆಂದರೆ ನಮ್ಮ ಮನಸ್ಸು ಕೂಡಲೇ ಅದಕ್ಕೊಂದು ರಾಜಕೀಯ ಕಾರಣವನ್ನು ಅರಸುತ್ತದೆ. ಸೀಸರನನ್ನು ಇರಿದವರಿಗೆ ಗಣರಾಜ್ಯದ ನೆಪವಿತ್ತು. 1865ರಲ್ಲಿ ಲಿಂಕನ್ನರನ್ನು ನಾಟಕಶಾಲೆಯಲ್ಲಿ ಕೊಂದ ಬೂತ್ ಹೆಸರಾಂತ ನಟನೇ ಆಗಿದ್ದರೂ ಅವನನ್ನು ಪ್ರೇರಿಸಿದ್ದು ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಸೇಡು. ಆದರೆ 1981ರ ಮಾರ್ಚ್ 30ರಂದು ವಾಷಿಂಗ್ಟನ್ನಿನ ಹಿಲ್ಟನ್ ಹೋಟೆಲಿನ ಹೊರಗೆ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ನರತ್ತ ಹಾರಿದ ಆರು ಗುಂಡುಗಳ ಹಿಂದೆ ಸಿದ್ಧಾಂತವಾಗಲಿ ಹಗೆಯಾಗಲಿ ಇರಲಿಲ್ಲ. ಇದ್ದದ್ದು ಒಬ್ಬ ಚಿತ್ರನಟಿಯ ಮೇಲಿನ ವ್ಯಾಮೋಹ.

ಗುಂಡು ಹಾರಿಸಿದ ಜಾನ್ ಹಿಂಕ್ಲಿ ಸಿರಿವಂತ ತೈಲೋದ್ಯಮಿಯೊಬ್ಬನ ಮಗ, ವಯಸ್ಸು 25, ಕಾಲೇಜು ಸೇರಿಯೂ ಪದವಿ ಪಡೆಯದವನು. 1976ರಲ್ಲಿ ತೆರೆಕಂಡ ‘ಟ್ಯಾಕ್ಸಿ ಡ್ರೈವರ್’ ಚಿತ್ರವನ್ನು ಅವನು ಮತ್ತೆ ಮತ್ತೆ ನೋಡಿದ್ದ. ಅದರ ನಾಯಕ ನಿದ್ರೆಗೆಟ್ಟ ಒಬ್ಬಂಟಿ ಚಾಲಕ. ಒಲಿದ ಹೆಣ್ಣು ದೂರವಾದಾಗ ಅವನು ಅಧ್ಯಕ್ಷಪದವಿಯ ಅಭ್ಯರ್ಥಿಯೊಬ್ಬನನ್ನು ಕೊಲ್ಲಹೊರಡುತ್ತಾನೆ. ಅದು ಕೈಗೂಡದೆ, ವೇಶ್ಯಾವೃತ್ತಿಗೆ ಸಿಲುಕಿದ ಬಾಲಕಿಯನ್ನು ಬಿಡಿಸಲು ರಕ್ತ ಹರಿಸಿ ಪತ್ರಿಕೆಗಳಲ್ಲಿ ವೀರನೆನಿಸುತ್ತಾನೆ. ಆ ಬಾಲಕಿಯ ಪಾತ್ರ ವಹಿಸಿದವಳು ಜೋಡಿ ಫಾಸ್ಟರ್. ಈ ಚಿತ್ರಕಥೆಗೆ ಒಂದು ಪ್ರೇರಣೆ, 1972ರಲ್ಲಿ ರಾಜ್ಯಪಾಲ ಜಾರ್ಜ್ ವಾಲೇಸ್‌ಗೆ ಗುಂಡಿಕ್ಕಿದ ಆರ್ಥರ್ ಬ್ರೆಮರನ ಪ್ರಕರಣ. ಬ್ರೆಮರ್ ಮೊದಲು ಬೆನ್ನಟ್ಟಿದ್ದು ನಿಕ್ಸನ್ನರನ್ನು. ಅವನಿಗೂ ಬೇಕಾಗಿದ್ದದ್ದು ಹೆಸರು. ಹೀಗೆ ಬೀದಿಯ ರಕ್ತ ತೆರೆಯನ್ನೇರಿತು. ತೆರೆಯಿಂದ ಮರಳಿ ಬೀದಿಗಿಳಿಯಿತು.

1980ರಲ್ಲಿ ಫಾಸ್ಟರ್ ಯೇಲ್ ವಿಶ್ವವಿದ್ಯಾನಿಲಯ ಸೇರಿದಾಗ ಹಿಂಕ್ಲಿ ಆ ಊರಿಗೇ ಹೋದ. ಪತ್ರಗಳನ್ನಿಟ್ಟು ಬಂದ, ದೂರವಾಣಿಯಲ್ಲಿ ಮಾತನಾಡಿದ. ಆಕೆ ಒಪ್ಪಲಿಲ್ಲ. ಆಗ ಅವನು ಅಧ್ಯಕ್ಷ ಕಾರ್ಟರರನ್ನು ಹಿಂಬಾಲಿಸಿದ. ಅಕ್ಟೋಬರಿನಲ್ಲಿ ನ್ಯಾಶ್‌ವಿಲ್ ವಿಮಾನ ನಿಲ್ದಾಣದಲ್ಲಿ ಅವನ ಪೆಟ್ಟಿಗೆಯಲ್ಲಿ ಕೈಬಂದೂಕುಗಳು ಸಿಕ್ಕವು. ದಂಡ ಕಟ್ಟಿಸಿಕೊಂಡು ಬಿಟ್ಟುಬಿಟ್ಟರು. ಚುನಾವಣೆಯಲ್ಲಿ ಕಾರ್ಟರ್ ಸೋತು ಎದುರು ಪಕ್ಷದ ರೇಗನ್ ಗೆದ್ದರು. ಹಿಂಕ್ಲಿಯ ಗುರಿ ಬದಲಾಯಿತು, ಉದ್ದೇಶ ಬದಲಾಗಲಿಲ್ಲ. ಕುರ್ಚಿಯಲ್ಲಿ ಯಾರಿದ್ದಾರೆಂಬುದು ಅವನಿಗೆ ಮುಖ್ಯವೇ ಆಗಿರಲಿಲ್ಲ. ಚರಿತ್ರೆಯಲ್ಲಿ ಉಳಿಯುವ ಕೃತ್ಯದಿಂದ ಆಕೆಯ ಮನ್ನಣೆ ಗಳಿಸುವೆನೆಂಬ ಅರ್ಥದ, ಅಂಚೆಗೆ ಹಾಕದ ಪತ್ರವೊಂದು ಅವನ ಹೋಟೆಲಿನ ಕೋಣೆಯಲ್ಲಿ ದೊರೆಯಿತು.

ಈ ಅಪಾಯವನ್ನು ಅರಿಯಲು ನಮ್ಮ ಆಲಂಕಾರಿಕರ ಮಾತು ನೆರವಾಗುತ್ತದೆ. ರಸಾನುಭವಕ್ಕೆ ಸಾಧಾರಣೀಕರಣ ಬೇಕೆಂದು ಭಟ್ಟನಾಯಕ, ಅಭಿನವಗುಪ್ತರು ಹೇಳಿದರು. ರಂಗದ ಮೇಲಿನ ಶಕುಂತಲೆ ಪ್ರೇಕ್ಷಕನ ಪ್ರೇಯಸಿಯಲ್ಲ. ‘ನನ್ನದು’, ‘ಪರರದು’ ಎಂಬ ಭೇದ ಕರಗಿದಾಗಲೇ ಅವನು ಸಹೃದಯ. ತನ್ನದೇ ಸುಖದುಃಖಗಳಿಗೆ ವಶನಾಗುವುದನ್ನು ಅಭಿನವಗುಪ್ತ ರಸವಿಘ್ನಗಳಲ್ಲಿ ಎಣಿಸುತ್ತಾನೆ. ಹಿಂಕ್ಲಿ ಆ ವಿಘ್ನದ ಮೂರ್ತರೂಪ. ಎಲ್ಲರದಾದ ಚಿತ್ರವನ್ನು ಅವನು ತನ್ನೊಬ್ಬನ ಜಾತಕವಾಗಿ ಓದಿದ. ನ್ಯಾಯಾಲಯ 1982ರಲ್ಲಿ ಅವನನ್ನು ಬುದ್ಧಿಭ್ರಮಣೆಯ ಕಾರಣದಿಂದ ನಿರ್ದೋಷಿಯೆಂದಿತು. ಅದು ಸರಿಯೇ ಇರಬಹುದು. ಆದರೆ ಪ್ರಸಿದ್ಧರನ್ನು ತಲುಪಲು ತಾನೂ ಪ್ರಸಿದ್ಧನಾಗಬೇಕು, ಅದಕ್ಕೆ ಅಧ್ಯಕ್ಷನ ಎದೆಯೇ ಹತ್ತಿರದ ದಾರಿ ಎಂಬ ತರ್ಕವನ್ನು ಆ ಭ್ರಮೆಗೆ ಒದಗಿಸಿದ್ದು, ಹೆಸರನ್ನೇ ಪುರುಷಾರ್ಥವೆಂದು ಪೂಜಿಸುವ ಕಾಲ.

ಆ ದಿನ ನಡೆಯಬೇಕಿದ್ದ ಆಸ್ಕರ್ ಸಮಾರಂಭವನ್ನು ಒಂದು ದಿನ ಮುಂದೂಡಿದರು. ಮರುರಾತ್ರಿ ಶ್ರೇಷ್ಠ ನಟನ ಪ್ರಶಸ್ತಿ ಪಡೆದವನು, ಬೇರೊಂದು ಚಿತ್ರಕ್ಕಾಗಿ, ಆ ಚಾಲಕನ ಪಾತ್ರಧಾರಿ ರಾಬರ್ಟ್ ಡಿ ನೀರೊ. ಹಿಂದೊಮ್ಮೆ ಚಿತ್ರನಟರಾಗಿದ್ದ ರೇಗನ್, ಶ್ವಾಸಕೋಶಕ್ಕೆ ಗುಂಡು ತಗುಲಿದ್ದರೂ ಬದುಕಿದರು. ಹಿಂಕ್ಲಿ 2022ರಲ್ಲಿ ಎಲ್ಲ ನಿರ್ಬಂಧಗಳಿಂದ ಬಿಡುಗಡೆ ಹೊಂದಿದ.

ತಲೆಗೆ ಗುಂಡು ಹೊಕ್ಕ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರಾಡಿ ಬದುಕಿನುದ್ದಕ್ಕೂ ಅಂಗವೈಕಲ್ಯ ಅನುಭವಿಸಿದರು. ಕೈಬಂದೂಕು ಕೊಳ್ಳುವವರ ಪೂರ್ವಾಪರ ವಿಚಾರಿಸಬೇಕೆಂಬ 1993ರ ಕಾನೂನು ಅವರ ಹೆಸರಿನಲ್ಲಿದೆ. 2014ರಲ್ಲಿ ಅವರು ತೀರಿಕೊಂಡಾಗ, ಆ ಸಾವನ್ನು ವೈದ್ಯಾಧಿಕಾರಿಗಳು ಕೊಲೆಯೆಂದೇ ದಾಖಲಿಸಿದರು. ಗುಂಡು ಹಾರಿ ಆಗ 33 ವರ್ಷಗಳಾಗಿದ್ದವು. ಕೊಂದವನ ಹೆಸರು ಲೋಕಕ್ಕೆಲ್ಲ ತಿಳಿದಿದೆ. ಬ್ರಾಡಿಯವರ ಹೆಸರನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?