ಸೆರೆಮನೆಯೊಳಗಿನ ತೊಟ್ಟಿಲು

ಸೆರೆಮನೆಗೆ ‘ಶ್ರೀಕೃಷ್ಣನ ಜನ್ಮಸ್ಥಾನ’ವೆಂದು ವಿನೋದವಾಗಿ ಹೇಳುವ ವಾಡಿಕೆಯು ನಮ್ಮಲ್ಲುಂಟು. ಆ ವಿನೋದದ ಹಿಂದೆ ಗಂಭೀರವಾದ ಸಂಗತಿಯೊಂದು ಅಡಗಿರುವುದು. ಕಂಸನ ಸೆರೆಯಲ್ಲಿ ಹುಟ್ಟಿದ ಕೂಸು ಆ ರಾತ್ರಿಯೇ ಯಮುನೆಯನ್ನು ದಾಟಿ ಗೋಕುಲವನ್ನು ಸೇರಿತು. ಹೆತ್ತವಳು ಸೆರೆಯಲ್ಲಿಯೇ ಉಳಿದಳು. ಕೂಸಿಗೆ ಬಿಡುಗಡೆ ದೊರೆತುದು ತಾಯಿಯ ಮಡಿಲನ್ನು ಬಿಟ್ಟ ಬೆಲೆಗೆ. ಸೆರೆಯಲ್ಲಿರುವ ತಾಯಿಯ ಮಗುವನ್ನು ಅವಳ ಬಳಿಯಲ್ಲಿಯೇ ಇರಿಸಬೇಕೋ, ಗೋಕುಲಕ್ಕೆ ಕಳುಹಬೇಕೋ ಎಂಬ ಪ್ರಶ್ನೆಯು ಹೀಗೆ ಪುರಾಣದಷ್ಟು ಹಳೆಯದು. ಕಾಯಿದೆಯು ಅದಕ್ಕೆ ಉತ್ತರವನ್ನು ಅರಸತೊಡಗಿದುದು ಮಾತ್ರ ಈಚಿನ ಕಾಲದಲ್ಲಿ.

ಆಂಗ್ಲರ ಆಳಿಕೆಯಲ್ಲಿ 1894ರ ಸೆರೆಮನೆಗಳ ಕಾಯಿದೆಯು ಹೆಂಗಸರನ್ನು ಗಂಡಸರಿಂದ ಬೇರೆಯಾಗಿ ಇರಿಸತಕ್ಕದ್ದೆಂದು ಗೊತ್ತುಪಡಿಸಿತು. 1898ರ ಫೌಜದಾರಿ ಸಂಹಿತೆಯಲ್ಲಿ, ಮರಣದಂಡನೆಗೆ ಗುರಿಯಾದವಳು ಗರ್ಭಿಣಿಯಾಗಿದ್ದರೆ ಉಚ್ಚ ನ್ಯಾಯಾಲಯವು ಶಿಕ್ಷೆಯನ್ನು ಮುಂದಕ್ಕೆ ಹಾಕಬೇಕೆಂದೂ ಉಚಿತವೆನಿಸಿದರೆ ಅದನ್ನು ಇಳಿಸಬಹುದೆಂದೂ ವಿಧಿಯಿತ್ತು. ಎಂದರೆ ಹುಟ್ಟಲಿರುವ ಜೀವವು ಕಾಯಿದೆಯ ಕಣ್ಣಿಗೆ ಬಿದ್ದಿತ್ತು. ಹೆರಿಗೆಯಾದ ಬಳಿಕ ತಾಯಿಯ ಪ್ರಾಣವು ನ್ಯಾಯಾಧೀಶರ ಮನಸ್ಸಿಗೆ ಬಿಟ್ಟ ಮಾತಾಗಿತ್ತು. ಅಂತಹವಳ ಶಿಕ್ಷೆಯನ್ನು ಜೀವಾವಧಿ ಸೆರೆಯಾಗಿ ಇಳಿಸಲೇಬೇಕೆಂಬ ಮಾತು ಕಾಯಿದೆಯಲ್ಲಿ ಬಂದುದು 2008ರ ತಿದ್ದುಪಡಿಯಿಂದ.

ಹೊರನಾಡುಗಳಲ್ಲಿ ಈ ವಿಷಯದ ಕಡೆಗೆ ಜನರ ಲಕ್ಷ್ಯವನ್ನು ಸೆಳೆದವರಲ್ಲಿ ಎಲಿಜಬೆತ್ ಫ್ರಾಯ್ ಎಂಬ ಸಾಧ್ವಿಯು ಪ್ರಮುಖಳು. ಆಕೆಯು 1813ರಲ್ಲಿ ಲಂಡನ್ನಿನ ನ್ಯೂಗೇಟ್ ಸೆರೆಮನೆಯನ್ನು ಹೊಕ್ಕಾಗ ಸುಮಾರು 300 ಹೆಂಗಸರು ಮಕ್ಕಳುಮರಿಗಳೊಡನೆ ಇಕ್ಕಟ್ಟಾದ ಕೋಣೆಗಳಲ್ಲಿ ತುಂಬಿಕೊಂಡಿದ್ದುದನ್ನು ಕಂಡಳು. ಮುಂದೆ ಆ ಮಕ್ಕಳಿಗಾಗಿ ಗೋಡೆಯೊಳಗೆಯೇ ಒಂದು ಶಾಲೆಯನ್ನು ತೆರೆಯಿಸಿದಳು. ಅಮೇರಿಕೆಯ ನ್ಯೂಯಾರ್ಕ್ ಸಂಸ್ಥಾನದ ಬೆಡ್‌ಫರ್ಡ್ ಹಿಲ್ಸ್ ಎಂಬಲ್ಲಿ 1901ರಿಂದ ಸ್ತ್ರೀಯರ ಸೆರೆಮನೆಗೆ ಸೇರಿದಂತೆ ಶಿಶುಗೃಹವು ನಡೆದುಬಂದಿದೆ. ಅಲ್ಲಿ ಬಾಣಂತಿಯು ತನ್ನ ಎಳೆಗೂಸಿನೊಡನೆ ಇರುವಳು.

ಭಾರತೀಯರ ಮನಸ್ಸನ್ನು ಈ ಕಡೆಗೆ ತಿರುಗಿಸಿದುದು ಸತ್ಯಾಗ್ರಹ. 1913ರಲ್ಲಿ ದಕ್ಷಿಣ ಆಫ್ರಿಕೆಯಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಹೊರಟ ಸ್ತ್ರೀಯರಲ್ಲಿ ಕಂಕುಳ ಕೂಸುಳ್ಳವರೂ ಇದ್ದರು. ಅಲ್ಲಿಯವರೆಗೆ ಕಳ್ಳರಿಗೂ ಕೊಲೆಗಾರರಿಗೂ ಮಾತ್ರ ತಕ್ಕುದೆಂದು ಭಾವಿಸಿದ್ದ ಸ್ಥಳಕ್ಕೆ ಕುಲವಧುಗಳು ಹೋದಾಗ, ಒಳಗಿನ ಅನ್ನನೀರುಗಳ ಬಗ್ಗೆ ಹೊರಗಿನ ಮನೆಗಳಲ್ಲಿ ಮಾತು ಹುಟ್ಟಿತು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ಉತ್ತರ ಕನ್ನಡ ಜಿಲ್ಲೆಯಲ್ಲಿಯೂ ಇದೇ ಬಗೆಯ ಧೈರ್ಯವು ಕಂಡುಬಂದಿತು. 1932ರ ಕರನಿರಾಕರಣೆಯ ಕಾಲದಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು ಉಪವಾಸಕ್ಕೆ ಕುಳಿತರು. ಅದೇ ವರ್ಷ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ನಾಲ್ಕು ತಿಂಗಳು ಯರವಡಾ ಸೆರೆಮನೆಯಲ್ಲಿದ್ದರು. ಮರಳಿ ಬಂದ ಬಳಿಕ, ಬಿಡುಗಡೆಯಾಗಿಯೂ ನೆಲೆಯಿಲ್ಲದ ಸ್ತ್ರೀಯರಿಗೆ ಅವರು ತಮ್ಮ ಚಿಕ್ಕ ಮನೆಯಲ್ಲಿ ಆಶ್ರಯವಿತ್ತರು. ಸೆರೆಯ ಕಷ್ಟವು ಬಾಗಿಲು ತೆರೆದ ದಿನವೇ ಮುಗಿಯುವುದಿಲ್ಲವೆಂಬುದನ್ನು ಅವರು ಕಣ್ಣಾರೆ ಕಂಡಿದ್ದರು.

ಸ್ವಾತಂತ್ರ್ಯಾನಂತರ, 1955ರಲ್ಲಿ, ಸೆರೆಯಾಳುಗಳ ಬಗ್ಗೆ ಸಂಯುಕ್ತ ರಾಷ್ಟ್ರಗಳ ಆಶ್ರಯದಲ್ಲಿ ಕನಿಷ್ಠ ನಿಯಮಗಳು ಸಿದ್ಧವಾದುವು. ಹೆರಿಗೆಯು ಸಾಧ್ಯವಿದ್ದಷ್ಟು ಹೊರಗಿನ ಆಸ್ಪತ್ರೆಯಲ್ಲಾಗಬೇಕು, ಒಳಗೆ ಆದರೆ ಜನನಪತ್ರದಲ್ಲಿ ಅದನ್ನು ಕಾಣಿಸಬಾರದು ಎಂಬ ಮಾತುಗಳು ಅವುಗಳಲ್ಲಿದ್ದವು. ಇವೇ ತತ್ತ್ವಗಳನ್ನು ವಿಸ್ತರಿಸಿ ಭಾರತದ ಸರ್ವೋಚ್ಚ ನ್ಯಾಯಾಲಯವು 2006ರ ಏಪ್ರಿಲ್ 13ರಂದು, ಆರ್. ಡಿ. ಉಪಾಧ್ಯಾಯ ವಿರುದ್ಧ ಆಂಧ್ರಪ್ರದೇಶ ಸರಕಾರ ಎಂಬ ಮೊಕದ್ದಮೆಯಲ್ಲಿ, ದೇಶಕ್ಕೆಲ್ಲ ಅನ್ವಯಿಸುವ ಕಟ್ಟಳೆಗಳನ್ನು ವಿಧಿಸಿತು. ತಾಯಿಯೊಡನೆ ಬಂದ ಮಗುವನ್ನು ಅಪರಾಧಿಯಂತೆ ಕಾಣಬಾರದು. ಆರು ವರ್ಷ ತುಂಬುವವರೆಗೆ ಅದು ತಾಯಿಯ ಬಳಿ ಇರಬಹುದು. ಮೂರು ವರ್ಷದೊಳಗಿನವುಗಳಿಗೆ ಶಿಶುಗೃಹ, ಮೂರರಿಂದ ಆರರವರೆಗಿನವುಗಳಿಗೆ ಬಾಲವಾಡಿ ಇರಬೇಕು. ಇವೆರಡೂ ಸೆರೆಮನೆಯ ಆವರಣದ ಹೊರಗಿದ್ದರೆ ಲೇಸು. ಜನನದ ದಾಖಲೆಯಲ್ಲಿ ಆ ಪ್ರದೇಶದ ವಿಳಾಸವನ್ನಷ್ಟೇ ಬರೆಯಬೇಕು. ಮಗುವಿನ ನಾಮಕರಣಕ್ಕೆ ಸಹ ಅನುಕೂಲ ಮಾಡಿಕೊಡಬೇಕೆಂದು ನ್ಯಾಯಪೀಠವು ಹೇಳಿರುವುದು ಗಮನಿಸತಕ್ಕ ವಿಷಯ. ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರುಸುರುವ ಸಂಸ್ಕಾರವು ಮಗುವನ್ನು ಕುಲದೊಳಗೆ ಸೇರಿಸಿಕೊಳ್ಳುವ ಸಂಸ್ಕಾರವಷ್ಟೆ.

ಇಷ್ಟು ವ್ಯವಸ್ಥೆಯಾದರೂ ಪ್ರಶ್ನೆಯು ಪೂರ್ತಿಯಾಗಿ ಬಗೆಹರಿದಿಲ್ಲ. ಅದೇ ತೀರ್ಪಿನಲ್ಲಿ ಉದ್ಧರಿಸಿದ ಒಂದು ಅಧ್ಯಯನದ ಮೇರೆಗೆ, ಒಳಗೆ ಬೆಳೆದ ಕೂಸುಗಳು ಬೀದಿಯ ನಾಯಿಬೆಕ್ಕುಗಳನ್ನು ಕಂಡರೂ ಬೆದರುವುವು. ಸದಾ ಹೆಂಗಸರ ನಡುವೆಯೇ ಇದ್ದ ಗಂಡುಮಕ್ಕಳು ತಮ್ಮನ್ನು ಕುರಿತು ಸ್ತ್ರೀಲಿಂಗದಲ್ಲಿ ಮಾತಾಡುವರು. ಮೊಲೆಹಾಲಿಗಾಗಿ ಒಳಗಿರಬೇಕಾದ ಮಗುವು ಲೋಕಜ್ಞಾನಕ್ಕಾಗಿ ಹೊರಗಿರಬೇಕು. 2021ರ ಕೊನೆಗೆ ಭಾರತದ ಸೆರೆಮನೆಗಳಲ್ಲಿ 1,650 ತಾಯಂದಿರೊಡನೆ 1,867 ಮಕ್ಕಳಿದ್ದರು. ಆ ತಾಯಂದಿರಲ್ಲಿ 1,418 ಮಂದಿ ಇನ್ನೂ ವಿಚಾರಣೆಯನ್ನು ಎದುರಿಸುತ್ತಿದ್ದವರು. ಅಪರಾಧವು ಸಿದ್ಧವಾಗುವ ಮೊದಲೇ ಈ ಬಾಲ್ಯಗಳು ಗೋಡೆಯೊಳಗೆ ಕಳೆಯುತ್ತಿದ್ದುವೆಂಬುದನ್ನು ಮರೆಯಲಾಗದು. ವಿಚಾರಣೆಯ ವಿಳಂಬವನ್ನು ತಗ್ಗಿಸುವುದೂ ಯೋಗ್ಯರಿಗೆ ಜಾಮೀನು ಕೊಡುವುದೂ ಶಿಶುಗೃಹಗಳನ್ನು ಕಟ್ಟುವುದಕ್ಕಿಂತ ಮೊದಲಿನ ಕರ್ತವ್ಯ.

ಆರು ವರ್ಷ ತುಂಬಿದ ಮೇಲಿನ ಮಾತು ಇನ್ನೂ ಕಠಿಣ. ಮಗುವನ್ನು ಬಂಧುಗಳಿಗೆ ಒಪ್ಪಿಸಬೇಕು, ಇಲ್ಲವೆ ಅದೇ ಪಟ್ಟಣದ ಆಶ್ರಮಕ್ಕೆ ಸೇರಿಸಿ ವಾರಕ್ಕೊಮ್ಮೆಯಾದರೂ ತಾಯಿಯ ಭೆಟ್ಟಿ ಮಾಡಿಸಬೇಕು ಎಂಬುದು ಕಟ್ಟಳೆ. ಜೋಯಿಡಾ ತಾಲೂಕಿನ ಕುಂಬಾರವಾಡದಂತಹ, ಘಟ್ಟದ ಮೇಲಣ ಕಾಡೂರಿನ ಹೆಣ್ಣುಮಗಳೊಬ್ಬಳು ದೂರದ ಸೆರೆಮನೆಯಲ್ಲಿರುವಳೆಂದು ಭಾವಿಸಿದರೆ ಇದರ ತೊಡಕು ತಿಳಿಯುವುದು. ಮಗುವು ಊರಿಗೆ ಹೋದರೆ ಅಜ್ಜಿಯ ಮಡಿಲು, ಮಾತೃಭಾಷೆ, ಓರಗೆಯವರ ಆಟ ಎಲ್ಲವೂ ದೊರೆಯುವುವು. ವಾರದ ಭೆಟ್ಟಿಯು ತಪ್ಪುವುದು. ಪಟ್ಟಣದಲ್ಲಿ ಉಳಿದರೆ ತಾಯಿಯ ಮುಖವನ್ನು ಕಾಣುವುದು, ಊರು ಪರದೇಶವಾಗುವುದು. ನಮ್ಮಲ್ಲಿ ಬಸುರಿಯನ್ನು ತವರಿಗೆ ಕರೆತಂದು ಬಾಣಂತನ ಮಾಡುವ ಪದ್ಧತಿಯು ಹೆರಿಗೆಯನ್ನು ಇಡೀ ಮನೆತನದ ಹೊಣೆಯಾಗಿ ಎಣಿಸುತ್ತದೆ. ತವರು ಇಲ್ಲದೆಡೆಯಲ್ಲಿ ಆ ಹೊಣೆಯನ್ನು ಸರಕಾರವು ಹೊತ್ತಿದೆ. ಆದರೆ ಅಜ್ಜಿಯ ಬಸ್ಸಿನ ಖರ್ಚು, ಹಳ್ಳಿಯ ಶಾಲೆಯಲ್ಲಿ ಆ ಮಗುವಿಗೆ ಒಂದು ಸ್ಥಳ, ನೆರೆಹೊರೆಯವರು ಅದನ್ನು ‘ಜೈಲಿನ ಕೂಸು’ ಎನ್ನದೆ ಹೆಸರು ಹಿಡಿದು ಕರೆಯುವ ಸೌಜನ್ಯ, ಇವು ಬಹುಮಟ್ಟಿಗೆ ಊರವರ ಕೈಯಲ್ಲಿರುವ ಮಾತುಗಳು. ಜನನಪತ್ರದಿಂದ ಸೆರೆಮನೆಯ ಹೆಸರನ್ನು ನ್ಯಾಯಾಲಯವು ತೆಗೆಯಿಸಿತು. ಜನರ ನಾಲಗೆಯಿಂದ ಅದನ್ನು ತೆಗೆಯುವುದು ಸುಶಿಕ್ಷಿತ ಮನೆಗಳ ಕೆಲಸವಾಗಿದೆ.