ನಮ್ಮ ಚುಕ್ಕಿಯ ಹೊಟ್ಟೆಗೊಂದು ಚರಿತ್ರೆ

ನಮ್ಮ ಮನೆಯ ನಾಯಿ ಚುಕ್ಕಿಯದು ಬಹಳ ನಾಜೂಕು ಹೊಟ್ಟೆ. ಊಟ ಸ್ವಲ್ಪ ಬದಲಾದರೂ ಸಾಕು, ಎರಡು ದಿನ ಭೇದಿ, ರಾತ್ರಿಯಿಡೀ ಹೊಟ್ಟೆ ಗುಡುಗುಡು. ಕಳೆದ ಚಳಿಗಾಲದಲ್ಲಿ ಹೀಗಾದಾಗ ಇಲ್ಲೇ ಮಾಲ್ಮೋದ ಒಂದು ಅಂಗಡಿಗೆ ಹೋಗಿ, ನಾಯಿ ಆಹಾರದ ಚೀಲಗಳ ಮುಂದೆ ಅರ್ಧ ಗಂಟೆ ನಿಂತೆ. ಒಂದು ಚೀಲದ ಮೇಲೆ ಹಿಮದಲ್ಲಿ ನಿಂತ ತೋಳದ ಚಿತ್ರ. ಕೆಳಗೆ ದೊಡ್ಡ ಅಕ್ಷರದಲ್ಲಿ ‘ಸ್ಪಾನ್‌ಮೋಲ್ಸ್‌ಫ್ರಿ’, ಅಂದರೆ ಧಾನ್ಯ ಇಲ್ಲದ್ದು. ನಾಯಿ ಎಂದರೆ ತೋಳದ ವಂಶ, ತೋಳಕ್ಕೆ ಅನ್ನ, ಗೋಧಿ ಯಾಕೆ ಎಂಬುದು ಆ ಚೀಲದ ವಾದ. ಅದೇ ಸಂಜೆ ಮಂಡ್ಯದಿಂದ ಫೋನಿನಲ್ಲಿ ನಮ್ಮತ್ತೆ ಹೇಳಿದ್ದೇ ಬೇರೆ: “ನಮ್ಮೂರ ನಾಯಿಗಳೆಲ್ಲ ಮುದ್ದೆ ತಿಂದೇ ಬೆಳೆದವು ಕಣಮ್ಮ. ಒಂದಿಷ್ಟು ಅನ್ನ ಮೆತ್ತಗೆ ಬೇಯಿಸಿ ಹಾಕು.”

ಯಾರ ಮಾತು ಸರಿ? ಇದಕ್ಕೆ ಉತ್ತರ ಹುಡುಕಲು ಚರಿತ್ರೆಯಲ್ಲಿ ತುಂಬ ಹಿಂದಕ್ಕೆ ಹೋಗಬೇಕಾಯಿತು. ಆದರೆ ದೂರಕ್ಕೇನೂ ಅಲ್ಲ.

ನಮ್ಮ ಸ್ಕೋನೆ ಪ್ರಾಂತದ ದಕ್ಷಿಣ ಕರಾವಳಿಯಲ್ಲಿ, ಟ್ರೆಲ್ಲೆಬೊರ್ಗ್‌ನಿಂದ ಪೂರ್ವಕ್ಕೆ, ಸ್ಕಾಟೆಹೋಲ್ಮ್ ಎಂಬ ಜಾಗವಿದೆ. 1980ರ ದಶಕದಲ್ಲಿ ಲುಂಡ್ ವಿಶ್ವವಿದ್ಯಾಲಯದ ಲಾರ್ಸ್ ಲಾರ್ಸನ್ ಅಲ್ಲಿ ಅಗೆಸಿದಾಗ ಸುಮಾರು 7000 ವರ್ಷ ಹಳೆಯ ಸಮಾಧಿಗಳು ಸಿಕ್ಕವು. ಮನುಷ್ಯರದು ಮಾತ್ರವಲ್ಲ, ನಾಯಿಗಳದೂ! ಒಂದು ನಾಯಿಯನ್ನಂತೂ ಕೆಂಪು ಕಾವಿ ಮಣ್ಣು ಚೆಲ್ಲಿ, ಬೆನ್ನಿನ ಬಳಿ ಜಿಂಕೆಯ ಕೊಂಬು, ಸೊಂಟದ ಬಳಿ ಕಲ್ಲಿನ ಅಲಗುಗಳನ್ನಿಟ್ಟು, ಬೇಟೆಗಾರನೊಬ್ಬನನ್ನು ಮಣ್ಣು ಮಾಡುವಂತೆಯೇ ಮಣ್ಣು ಮಾಡಿದ್ದಾರೆ. ಆ ಜನ ಬೇಟೆಯಾಡುತ್ತಿದ್ದರು, ಮೀನು ಹಿಡಿಯುತ್ತಿದ್ದರು. ಸ್ಕೋನೆಗೆ ಬೇಸಾಯ ಬಂದದ್ದು ಅದಾದ ಮೇಲೆ, ಸುಮಾರು 6000 ವರ್ಷಗಳ ಹಿಂದೆ. ಹಾಗಾಗಿ ಆ ನಾಯಿಗಳ ಪಾಲಿಗೆ ಬಂದದ್ದೂ ಮೀನು ಮಾಂಸದ ಉಳಿಕೆಯೇ. ಇಲ್ಲಿಯವರೆಗೆ ಚೀಲದ ಮೇಲಿನ ತೋಳ ಗೆದ್ದಂತೆ ಕಾಣುತ್ತದೆ.

ಮುಂದಿನ ಕತೆಯನ್ನು ಬಿಡಿಸಿದವರೂ ಸ್ವೀಡನ್ನಿನವರೇ. 2013ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯದ ಎರಿಕ್ ಆಕ್ಸೆಲ್ಸನ್, ಶೆರ್ಸ್ಟಿನ್ ಲಿಂಡ್‌ಬ್ಲಾಡ್-ತೋ ಮತ್ತು ಸಂಗಡಿಗರು 12 ತೋಳಗಳ ಹಾಗೂ 14 ತಳಿಗಳ 60 ನಾಯಿಗಳ ಡಿಎನ್‌ಎ ಹೋಲಿಸಿ ನೋಡಿದರು. ಪಿಷ್ಟವನ್ನು, ಅಂದರೆ ಅನ್ನ ರೊಟ್ಟಿಯಲ್ಲಿರುವ ಸತ್ವವನ್ನು, ಕರಗಿಸಲು ಅಮೈಲೇಸ್ ಎಂಬ ರಸ ಬೇಕು. ಅದನ್ನು ತಯಾರಿಸುವ ಜೀನ್‌ನ ಪ್ರತಿಗಳು ತೋಳದಲ್ಲಿ ಎರಡೇ. ನಾಯಿಗಳಲ್ಲಿ 4ರಿಂದ 30ರವರೆಗೆ! ಮನುಷ್ಯ ಬಿತ್ತಿ ಬೆಳೆದು ಉಣ್ಣತೊಡಗಿದ, ಅವನ ಅಂಗಳದಲ್ಲಿ ಬಿದ್ದ ಗಂಜಿ, ರೊಟ್ಟಿ ತಿಂದು ಅರಗಿಸಿಕೊಂಡ ನಾಯಿಗಳು ಹೆಚ್ಚು ಬದುಕಿದವು, ಅವುಗಳ ಮರಿಗಳಿಗೂ ಅದೇ ಹೊಟ್ಟೆ ಬಂತು. ಬೇಸಾಯ ಇಲ್ಲದ ಕಡೆ ಬಾಳಿದ ಹಸ್ಕಿ, ಡಿಂಗೋಗಳಲ್ಲಿ ಈ ಪ್ರತಿಗಳು ಕಡಿಮೆ. ಒಟ್ಟಿನಲ್ಲಿ, ಮಕ್ಕಳೇ, ನಾಯಿಯ ಹೊಟ್ಟೆಯೊಳಗೆ ಅದರ ಹಿರಿಯರು ಯಾರ ಮನೆ ಬಾಗಿಲಲ್ಲಿ ಕಾದಿದ್ದರು ಎಂಬುದು ಬರೆದಿಟ್ಟಿದೆ.

ನಮ್ಮತ್ತೆಯ ಮಾತಿಗೆ ಈಗ ಬಲ ಬಂತು. ಮಂಡ್ಯದ ಕಡೆ ರಾಗಿ ಮುದ್ದೆ, ಮುಧೋಳದ ಕಡೆ ಬೇಟೆನಾಯಿಗಳಿಗೂ ಜೋಳ, ಹಾಲು. ನಾಯಿಗೂ ನಮ್ಮ ಊಟಕ್ಕೂ ಇರುವ ನಂಟಿಗೆ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಒಂದು ಸಾಕ್ಷಿಯೂ ಇತ್ತು. ಸುಮಾರು ಕ್ರಿ.ಶ. 950ರ ಶಾಸನ ಅದು. ಗಂಗ ದೊರೆ ಬೂತುಗನ ವೀರ ಮಣಲೆರ ಯುದ್ಧದಲ್ಲಿ ಮೆರೆದು, ಒಡೆಯನಿಂದ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ದೊಡ್ಡ ಹಂದಿಯೊಂದಿಗೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಟ್ಟುತ್ತದೆ ಎಂದು ಬರೆಸಿದರು. ಮೊದಲು ನಾಯಿ, ಆಮೇಲೆ ಊಟ! ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೇಸಿಗೆ ರಜೆಗೆ ಹೋದಾಗ ನೋಡಿ ಬನ್ನಿ.

ಇನ್ನು ಚೀಲದ ಚರಿತ್ರೆ ಚಿಕ್ಕದು. 1860ರ ಸುಮಾರಿಗೆ ಜೇಮ್ಸ್ ಸ್ಪ್ರ್ಯಾಟ್ ಎಂಬ ಅಮೆರಿಕದವನು ಲಂಡನ್ನಿನಲ್ಲಿ ನಾಯಿ ಬಿಸ್ಕತ್ತು ಮಾರಲು ಶುರು ಮಾಡಿದ. ಬಂದರಿನಲ್ಲಿ ಹಡಗಿನವರ ಗಟ್ಟಿ ಬಿಸ್ಕತ್ತನ್ನು ನಾಯಿಗಳು ಕಚ್ಚಾಡಿ ತಿನ್ನುವುದನ್ನು ಕಂಡು ಅವನಿಗೆ ಇದು ಹೊಳೆಯಿತಂತೆ. ಅದರಲ್ಲಿದ್ದದ್ದು ಗೋಧಿ, ತರಕಾರಿ, ಬೀಟ್‌ರೂಟ್, ಒಂದಿಷ್ಟು ಮಾಂಸ. ಪೊಟ್ಟಣದ ನಾಯಿ ಆಹಾರ ಹುಟ್ಟಿದ್ದೇ ಧಾನ್ಯದಿಂದ! ಎರಡನೇ ಮಹಾಯುದ್ಧದಲ್ಲಿ ತವರದ ಡಬ್ಬಿಗೆ ಬರ ಬಂದು ಒಣ ಆಹಾರ ಹೆಚ್ಚಿತು. 1950ರ ದಶಕದಲ್ಲಿ ನಾವು ಬೆಳಿಗ್ಗೆ ಹಾಲಿಗೆ ಹಾಕಿ ತಿನ್ನುವ ಸೀರಿಯಲ್ ಮಾಡುವ ಬಗೆಯ ಯಂತ್ರದಿಂದಲೇ ಈಗಿನ ಉಬ್ಬಿದ ಕಾಳು ಬಂತು. ರೋಗಕ್ಕೆ ತಕ್ಕ ಊಟದ ಹಾದಿ ಹಾಕಿದವರಲ್ಲಿ ಅಮೆರಿಕದ ಪಶುವೈದ್ಯ ಮಾರ್ಕ್ ಮಾರಿಸ್ ಒಬ್ಬರು. 1930ರ ದಶಕದ ಕೊನೆಯಲ್ಲಿ, ಕಣ್ಣಿಲ್ಲದವರೊಬ್ಬರಿಗೆ ದಾರಿ ತೋರುತ್ತಿದ್ದ ಬಡ್ಡಿ ಎಂಬ ನಾಯಿಯ ಮೂತ್ರಪಿಂಡ ಕೆಟ್ಟಾಗ ಅವರು ಔಷಧಿಗಿಂತ ಊಟ ಬದಲಿಸಿ ನೋಡಿದರು. ನಮ್ಮವರು ಅದಕ್ಕೆ ಪಥ್ಯ ಎನ್ನುತ್ತಾರೆ.

ಹಾಗಾದರೆ ಚುಕ್ಕಿಗೆ ಏನು ಕೊಟ್ಟೆವು? ಡಾಕ್ಟರು ಹೇಳಿದ್ದು ‘ಸ್ಕೂನ್‌ಕೊಸ್ಟ್’. ಸ್ವೀಡಿಷ್ ಭಾಷೆಯ ಪಥ್ಯವೇ ಅದು: ಮೆತ್ತಗೆ ಬೇಯಿಸಿದ ಬಿಳಿ ಅನ್ನ, ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕಾಡ್ ಮೀನು, ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪ. ಅನ್ನ ಅತ್ತೆಯದು, ಮೀನು ಸ್ಕಾಟೆಹೋಲ್ಮ್‌ನದು ಎಂದು ನಾನು ನಕ್ಕೆ. ಹೊಟ್ಟೆ ನಿಂತ ಮೇಲೆ, ಒಂದೇ ಬಗೆಯ ಮಾಂಸ ಇರುವ, ಕೊಬ್ಬು ಕಡಿಮೆಯ ಆಹಾರವನ್ನು ಆರಿಸಿ, ಹಳೆಯದರ ಜೊತೆ ದಿನಕ್ಕಿಷ್ಟು ಬೆರೆಸುತ್ತ ಒಂದು ವಾರದಲ್ಲಿ ಬದಲಿಸಿದೆವು. ನಮ್ಮ ತಪ್ಪು ಇದ್ದದ್ದು ಅಲ್ಲೇ. ಮೊದಲೆಲ್ಲ ಒಂದೇ ದಿನದಲ್ಲಿ ಚೀಲ ಬದಲಿಸುತ್ತಿದ್ದೆವು. ಕೆಲವು ನಾಯಿಗಳಿಗೆ ಗೋಧಿ ಆಗದಿರುವುದು ನಿಜ. ಆದರೆ ದನದ ಮಾಂಸ, ಕೋಳಿ, ಹಾಲಿನ ಪದಾರ್ಥ ಆಗದ ನಾಯಿಗಳೂ ಇವೆ. ಯಾವುದು ಎಂದು ಪತ್ತೆ ಮಾಡಲು ಡಾಕ್ಟರ ಜೊತೆ ವಾರಗಟ್ಟಲೆ ಒಂದೊಂದನ್ನೇ ಬಿಟ್ಟು ನೋಡಬೇಕು. ಭೇದಿಯಲ್ಲಿ ರಕ್ತ ಕಂಡರೆ, ನಾಯಿ ನೀರೂ ಮುಟ್ಟದಿದ್ದರೆ, ಅಥವಾ ಅದಿನ್ನೂ ಮರಿಯಾಗಿದ್ದರೆ ಪಥ್ಯ ಮಾಡುತ್ತ ಕೂರಬೇಡಿ, ಕರೆದುಕೊಂಡು ಹೋಗಿ.

ನಮ್ಮ ಅಡುಗೆಮನೆಗೆ ಮಾತ್ರ ಒಂದು ಎಚ್ಚರಿಕೆ ಬೇಕು. ಈರುಳ್ಳಿ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದ ಸಾರು, ಪಾಯಸದ ಒಣದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ. ನಾಯಿ ಹೊಟ್ಟೆಗೆ ತುಪ್ಪ ದಕ್ಕುವುದಿಲ್ಲ ಎಂದು ಹಿರಿಯರು ಮನುಷ್ಯರನ್ನು ಬೈಯಲು ಹೇಳುತ್ತಿದ್ದರೂ, ಅದು ವೈದ್ಯರೂ ಒಪ್ಪುವ ಮಾತು. ಜಿಡ್ಡು ಹೆಚ್ಚಾದರೆ ಮೇದೋಜ್ಜೀರಕ ಗ್ರಂಥಿಯೇ ಊದಿಕೊಳ್ಳಬಹುದು.

ಮೊನ್ನೆ ಅತ್ತೆ ಮತ್ತೆ ಫೋನ್ ಮಾಡಿ, ನನ್ನನ್ನು ಬಿಟ್ಟು ಮೊದಲು ಚುಕ್ಕಿಯನ್ನೇ ವಿಚಾರಿಸಿದರು. “ಉಂಡ್ಳಾ?” ಉಂಡಿದ್ದಳು, ತಟ್ಟೆ ನೆಕ್ಕಿಯೂ ಆಗಿತ್ತು.